15 ವರ್ಷದ ಬೈಕ್ ತಪಾಸಣೆಯಲ್ಲಿ ಫೇಲ್ ಆಗಿದೆ, ಯಾವುದನ್ನು ಮೊದಲು ಸರಿ ಮಾಡಿಸಲಿ?

ಪ್ರಶ್ನೆ: ಸರ್, ನಮ್ಮದು ಮಾಯಕೊಂಡದ ಹತ್ತಿರ ಒಂದು ಹಳ್ಳಿ. ಅಪ್ಪನ ಹೆಸರಲ್ಲಿ 2010ರ 100 ಸಿಸಿ ಬೈಕ್ ಇದೆ. 15 ವರ್ಷ ತುಂಬುತ್ತೆ ಅಂತ ಆರ್‌ಸಿ ರಿನ್ಯೂವಲ್‌ಗೆ ದಾವಣಗೆರೆಗೆ ತಗೊಂಡು ಹೋಗಿದ್ದೆ. ಇನ್‌ಸ್ಪೆಕ್ಟರ್ ನೋಡಿ, ಆರು ತಪ್ಪು ಬರೆದು ವಾಪಸ್ ಕಳಿಸಿದರು. ಹಿಂದಿನ ಬ್ರೇಕ್ ಸಾಲದು, ಹ್ಯಾಂಡಲ್‌ನಲ್ಲಿ ಆಟ ಇದೆ (ಸಡಿಲವಾಗಿ ಅಲ್ಲಾಡುತ್ತೆ), ಬ್ರೇಕ್ ಲೈಟ್ ಉರಿಯುತ್ತಿಲ್ಲ, ಹೆಡ್‌ಲೈಟ್ ಸರಿ ಇಲ್ಲ, ಹಿಂದಿನ ಟೈರ್ ಸವೆದಿದೆ, ಚಾಸಿ ನಂಬರ್ ಓದಲು ಆಗುತ್ತಿಲ್ಲ. ಅಪ್ಪ ದಿನಾ ತೋಟಕ್ಕೆ, ಸಂತೆಗೆ ಇದರಲ್ಲೇ ಹೋಗ್ತಾರೆ. "ಬೈಕ್ ಚೆನ್ನಾಗೇ ಇದೆ, ಸುಮ್ನೆ ವಾಪಸ್ ಕಳಿಸಿದಾರೆ" ಅಂತಾರೆ. ಪಕ್ಕದ ಮನೆಯವರು 15 ವರ್ಷ ಆದ ಮೇಲೆ ಗುಜರಿಗೇ ಅಂತಾರೆ. ಊರಿನ ಮೆಕ್ಯಾನಿಕ್ ಒಂದು ದಿನದ ಮಟ್ಟಿಗೆ ಬೇರೆ ಟೈರ್ ಹಾಕಿ ಪಾಸ್ ಮಾಡಿಸ್ತೀನಿ ಅಂತಾನೆ. ಎಲ್ಲವನ್ನೂ ಒಟ್ಟಿಗೆ ಮಾಡಿಸೋಕೆ ಈಗ ಕೈಯಲ್ಲಿ ದುಡ್ಡಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಅಪ್ಪನ ಮಾತಿನಿಂದಲೇ ಶುರು ಮಾಡುತ್ತೇನೆ. ಬೈಕ್ ಚೆನ್ನಾಗಿದೆ ಅಂತ ಅವರು ಹೇಳುವುದು ಸುಳ್ಳಲ್ಲ. ಅವರಿಗೆ ನಿಜವಾಗಿ ಹಾಗೇ ಅನ್ನಿಸುತ್ತಿದೆ. ಬ್ರೇಕ್ ಒಂದೇ ರಾತ್ರಿ ಕೈಕೊಟ್ಟಿದ್ದರೆ ಬೆಳಗ್ಗೆ ಮನೆ ಮುಂದೆಯೇ ಗೊತ್ತಾಗುತ್ತಿತ್ತು. ಆದರೆ ಬ್ರೇಕಿನ ಒಳಗೆ ಉಜ್ಜಿ ಚಕ್ರ ನಿಲ್ಲಿಸುವ ಲೈನರ್ ಸವೆಯುವುದು ವರ್ಷಗಟ್ಟಲೆ. ಅದು ಕೂದಲೆಳೆಯಷ್ಟು ಸವೆದರೆ ನಮ್ಮ ಕಾಲೂ ಅಷ್ಟೇ ಜಾಸ್ತಿ ಒತ್ತುತ್ತದೆ. ಹ್ಯಾಂಡಲ್ ಎಡಕ್ಕೆ ಎಳೆದರೆ ಕೈ ತಾನಾಗಿ ಬಲಕ್ಕೆ ಹಿಡಿಯುತ್ತದೆ. ಹೆಡ್‌ಲೈಟ್ ಮಂಕಾದರೆ ಕಣ್ಣು ಕಿರಿದು ಮಾಡಿಕೊಂಡು ನಿಧಾನಕ್ಕೆ ಹೋಗುತ್ತೇವೆ. ಬೈಕಿನ ಕೊರತೆಯನ್ನೆಲ್ಲ ಮೈ ತುಂಬಿಕೊಡುತ್ತಾ ಹೋಗುತ್ತದೆ. ದಿನಾ ಓಡಿಸುವವರಿಗೆ ಕಾಣದ್ದು ಮೊದಲ ಸಲ ಮುಟ್ಟಿದವರಿಗೆ ಎರಡೇ ನಿಮಿಷದಲ್ಲಿ ಕಾಣುವುದು ಇದಕ್ಕೇ. ನಾನು ದಾವಣಗೆರೆಯಲ್ಲಿ 30 ವರ್ಷದಿಂದ ಬೈಕ್ ರಿಪೇರಿ ಮಾಡುತ್ತಿದ್ದೇನೆ. ನನ್ನ ಸ್ವಂತ ಬೈಕನ್ನೂ ಆಗಾಗ ಬೇರೆ ಮೆಕ್ಯಾನಿಕ್ ಕೈಗೆ ಕೊಟ್ಟು ಓಡಿಸಿ ನೋಡಲು ಹೇಳುತ್ತೇನೆ. ಆ ಆರು ಸಾಲಿನ ಚೀಟಿಯನ್ನು ದಯವಿಟ್ಟು ಶಿಕ್ಷೆ ಅಂದುಕೊಳ್ಳಬೇಡಿ. ಇಷ್ಟು ವರ್ಷದಲ್ಲಿ ಆ ಬೈಕನ್ನು ಹೊಸ ಕಣ್ಣಿಂದ ನೋಡಿದವರು ಬಹುಶಃ ಆ ಇನ್‌ಸ್ಪೆಕ್ಟರ್ ಒಬ್ಬರೇ ಇರಬೇಕು.

ಗುಜರಿ ಮಾತನ್ನು ಮೊದಲು ತೆಗೆದುಹಾಕೋಣ. 15 ವರ್ಷ ಅನ್ನುವುದು ಬೈಕ್ ಸಾಯುವ ದಿನ ಅಲ್ಲ, ಅದರ ನೋಂದಣಿ ಅವಧಿ ಮುಗಿಯುವ ದಿನ. 1988ರ ಮೋಟಾರು ವಾಹನ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಸ್ವಂತ ಬಳಕೆಯ ವಾಹನದ ಆರ್‌ಸಿ 15 ವರ್ಷ ನಡೆಯುತ್ತದೆ. ಆಮೇಲೆ ವಾಹನ ಓಡಿಸಲು ಯೋಗ್ಯವಾಗಿದ್ದರೆ ಐದೈದು ವರ್ಷಕ್ಕೆ ನವೀಕರಿಸುತ್ತಾ ಹೋಗಬಹುದು. ದೆಹಲಿ ಸುತ್ತಮುತ್ತ 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸಬಾರದು ಅಂತ ಬಂದ ಆದೇಶ ಟಿವಿಯಲ್ಲಿ ಬಹಳ ಸುದ್ದಿಯಾಯಿತು. ಅದು ದೆಹಲಿ ವಲಯದ ಮಾತು. ದಾವಣಗೆರೆಯ ಕೆಎ 17ಕ್ಕಾಗಲಿ, ಚಿತ್ರದುರ್ಗದ ಕೆಎ 16ಕ್ಕಾಗಲಿ ಅದು ಅನ್ವಯಿಸುವುದಿಲ್ಲ. ನಮ್ಮ ಕಡೆ ಎಲ್ಲರೂ ಇದನ್ನು "ಎಫ್‌ಸಿ ಮಾಡಿಸೋದು" ಅನ್ನುತ್ತಾರೆ. ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಲಾರಿ, ಬಸ್ಸು, ಆಟೋದಂಥ ಬಾಡಿಗೆ ಗಾಡಿಗಳದ್ದು. ನಿಮ್ಮದು ಆರ್‌ಸಿ ನವೀಕರಣ. ಆದರೆ ಇನ್‌ಸ್ಪೆಕ್ಟರ್ ಗಾಡಿ ನೋಡಲೇಬೇಕು ಅನ್ನುವುದು ಎರಡಕ್ಕೂ ಒಂದೇ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಯಾವುದು ಮೊದಲು ಅಂತ. ಚೀಟಿಯಲ್ಲಿ ಆರೂ ಸಾಲು ಒಂದೇ ಸಮ ಕಾಣುತ್ತವೆ. ಆದರೆ ಆರೂ ಒಂದೇ ತೂಕದವಲ್ಲ. ಬ್ರಿಟನ್‌ನಲ್ಲಿ ಬೈಕಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ತಪಾಸಣೆ ಇರುತ್ತದೆ. ಎಂಒಟಿ ಅನ್ನುತ್ತಾರೆ. ಅಲ್ಲಿ 2018ರಿಂದ ತಪ್ಪುಗಳನ್ನು ಅಪಾಯ, ದೊಡ್ಡದು, ಚಿಕ್ಕದು ಅಂತ ಬೇರೆ ಮಾಡಿ ಬರೆದುಕೊಡುತ್ತಾರೆ. ಅಲ್ಲೂ ಬೈಕುಗಳು ಅತಿ ಹೆಚ್ಚು ಫೇಲ್ ಆಗುವುದು ಲೈಟು, ಸಿಗ್ನಲ್ ವಿಷಯಕ್ಕೇ. ನಾನು ಇಲ್ಲಿ ಕಂಡಿರುವುದೂ ಅದೇ. ಆದರೆ ಜಾಸ್ತಿ ಫೇಲ್ ಆಗುವುದು ಬೇರೆ, ಜಾಸ್ತಿ ಅಪಾಯ ಮಾಡುವುದು ಬೇರೆ. ನಿಮ್ಮ ಆರರಲ್ಲಿ ಅಪಾಯದ ಪಟ್ಟಿಗೆ ನಾನು ಹಾಕುವುದು ಬ್ರೇಕ್, ಹ್ಯಾಂಡಲ್, ಟೈರ್. ಈ ಮೂರು ಮುಗಿಯುವ ತನಕ ಅಪ್ಪ ಆ ಬೈಕ್ ಹತ್ತಬಾರದು. ತೋಟಕ್ಕೆ ನಡೆದೇ ಹೋಗಲಿ, ಇಲ್ಲ ಬೇರೆ ಗಾಡಿಯಲ್ಲಿ ನೀವು ಬಿಟ್ಟು ಬನ್ನಿ. ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ.

ಬ್ರೇಕ್ ನೋಡೋಣ. ನಿಮ್ಮ ಬೈಕಿನಲ್ಲಿ ಹಿಂದಿರುವುದು ಡ್ರಮ್ ಬ್ರೇಕ್. ಒಳಗೆ ಎರಡು ಲೈನರ್, ನಡುವೆ ಒಂದು ಕ್ಯಾಮ್. ಪೆಡಲ್ ಒತ್ತಿದರೆ ಕ್ಯಾಮ್ ತಿರುಗಿ ಲೈನರ್‌ಗಳನ್ನು ಅಗಲಿಸುತ್ತದೆ. ಅವು ಡ್ರಮ್ಮಿಗೆ ಒತ್ತಿಕೊಳ್ಳುತ್ತವೆ. ಲೈನರ್ ಸವೆದಷ್ಟೂ ರಾಡಿನ ತುದಿಯ ನಟ್ ಬಿಗಿ ಮಾಡುತ್ತಾ ಹೋಗುತ್ತೇವೆ. ಈ ನಟ್ಟನ್ನು ನೀವೇ ಈಗ ಹೋಗಿ ನೋಡಿ. ಅದರ ಹಿಂದೆ ರಾಡಿನ ಮರೆ, ಅಂದರೆ ತಿರುಪಿನ ಗೆರೆ, ಎಷ್ಟು ಉದ್ದ ಹೊರಗೆ ಬಂದಿದೆ ನೋಡಿ. ಬಿಗಿ ಮಾಡಲು ಮರೆಯೇ ಉಳಿದಿಲ್ಲ ಅಂದರೆ ಲೈನರ್ ಮುಗಿದಿದೆ ಅಂತಲೇ ಅರ್ಥ. ಇನ್ನೊಂದು ಗುರುತೂ ಇದೆ. ಬಹಳ ಬೈಕುಗಳಲ್ಲಿ ಕ್ಯಾಮಿನ ಮೇಲಿನ ಕೈಯ ಹತ್ತಿರ ಒಂದು ಸಣ್ಣ ಬಾಣ ಇರುತ್ತದೆ, ಅದರ ಎದುರು ಪ್ಲೇಟಿನ ಮೇಲೆ ಒಂದು ಗೆರೆ. ಪೂರ್ತಿ ಬ್ರೇಕ್ ಒತ್ತಿದಾಗ ಬಾಣ ಗೆರೆ ಮುಟ್ಟಿದರೆ ಹೊಸ ಲೈನರ್ ಹಾಕಲೇಬೇಕು.

ಇಲ್ಲಿ ಒಂದು ಕೆಟ್ಟ ರೂಢಿ ಇದೆ. ಲೈನರ್ ದುಡ್ಡು ಉಳಿಸಲು ಕ್ಯಾಮಿನ ಕೈಯನ್ನು ಬಿಚ್ಚಿ, ಒಂದು ಹಲ್ಲು ಹಿಂದಕ್ಕೆ ಕೂರಿಸುತ್ತಾರೆ. ಮರೆ ಮತ್ತೆ ಸಿಗುತ್ತದೆ. ಪೆಡಲ್ ಗಟ್ಟಿಯಾಗುತ್ತದೆ. ಎರಡು ತಿಂಗಳು ಬ್ರೇಕ್ ಹಿಡಿದ ಹಾಗೂ ಅನ್ನಿಸುತ್ತದೆ. ಒಳಗೆ ಕ್ಯಾಮ್ ಮಾತ್ರ ತಾನು ತಿರುಗಬೇಕಾದ ಮಿತಿ ದಾಟಿ ತಿರುಗುತ್ತಿರುತ್ತದೆ. ಜೋರಾಗಿ ಒತ್ತಿದ ಒಂದು ದಿನ ಅದು ವಾಪಸ್ ಬರದೆ ಅಲ್ಲೇ ಸಿಕ್ಕಿಕೊಳ್ಳಬಹುದು. ಆಗ ಹಿಂದಿನ ಚಕ್ರ ನಿಂತುಬಿಡುತ್ತದೆ. ನಿಮ್ಮ ಬೈಕಿಗೆ ಯಾರಾದರೂ ಹೀಗೆ ಮಾಡಿದ್ದಾರಾ ಅಂತ ಕೇಳಿ ನೋಡಿ. ಕ್ಯಾಮಿನ ತುದಿಯಲ್ಲೂ ಕೈಯಲ್ಲೂ ಒಂದೊಂದು ಚುಕ್ಕಿ ಇರುತ್ತದೆ. ಎರಡೂ ಎದುರುಬದುರು ಇರಬೇಕು.

ಲೈನರ್ ಹಾಕಿಸುವಾಗ ಎದುರಿಗೆ ನಿಂತು ಮಾಡಿಸಿ. ಹಳೇ ಲೈನರಿಗೆ ಎಣ್ಣೆ ಅಥವಾ ಗ್ರೀಸ್ ಹತ್ತಿದೆಯಾ ನೋಡಿ. ಹತ್ತಿದ್ದರೆ ಚಕ್ರದ ನಡುವಿನ ಹಬ್ಬಿನ ಸೀಲ್ ಹೋಗಿದೆ. ಅದನ್ನು ಬದಲಿಸದೆ ಹೊಸ ಲೈನರ್ ಹಾಕಿದರೆ ವಾರದಲ್ಲೇ ಅದೂ ಹಾಳಾಗುತ್ತದೆ. ಕ್ಯಾಮ್ ಬಿಚ್ಚಿ, ತುಕ್ಕು ತೆಗೆದು, ಗ್ರೀಸ್ ಹಚ್ಚಲು ಹೇಳಿ. ಭದ್ರಾ ಚಾನಲ್ ಬದುವಿನ ಮೇಲೆ, ಗದ್ದೆ ಕೆಸರಿನಲ್ಲಿ ಓಡಾಡುವ ಬೈಕುಗಳಲ್ಲಿ ಈ ಕ್ಯಾಮ್ ಒಣಗಿ ಹಿಡಿದುಕೊಂಡಿರುವುದೇ ಜಾಸ್ತಿ. ಡ್ರಮ್ಮಿನ ಒಳಗಡೆ ಎಷ್ಟು ಅಗಲದ ತನಕ ಸವೆಯಬಹುದು ಅಂತ ಅಂಕಿ ಅಚ್ಚೊತ್ತಿರುತ್ತದೆ. ಅದನ್ನೂ ಅಳೆದು ನೋಡಲಿ. ಕೊನೆಗೆ ಬ್ರೇಕ್ ಪ್ಲೇಟನ್ನು ತಿರುಗದಂತೆ ಹಿಡಿಯುವ ಉದ್ದನೆ ಪಟ್ಟಿ, ಅದರ ಎರಡೂ ತುದಿಯ ನಟ್ಟು, ನಟ್ಟು ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್ನು ನೋಡಿ. ಕೆಲವು ವರ್ಷದ ಹಿಂದೆ ಹಾಲು ಹಾಕುವ ಒಬ್ಬರು ತಪಾಸಣೆಗೆ ಮುಂಚೆ ಹಾರನ್ ಸರಿ ಮಾಡಿಸಲು ನನ್ನ ಹತ್ತಿರ ಬಂದಿದ್ದರು. ಹಾರನ್ ಹತ್ತು ನಿಮಿಷದ ಕೆಲಸ. ಬೈಕ್ ಸ್ಟ್ಯಾಂಡಿಗೆ ಹಾಕುವಾಗ ಆ ಪಟ್ಟಿ ಕಣ್ಣಿಗೆ ಬಿತ್ತು. ನಟ್ ಇರಲಿಲ್ಲ, ಬೋಲ್ಟು ಅರ್ಧ ಹೊರಗೆ ಬಂದಿತ್ತು. ಎರಡೂ ಕಡೆ ತುಂಬಿದ ಕ್ಯಾನು ಕಟ್ಟಿಕೊಂಡು ಅವರು ಹೆದ್ದಾರಿಯಲ್ಲೇ ಬಂದಿದ್ದರು. ಆವತ್ತಿನಿಂದ ನನ್ನ ಗ್ಯಾರೇಜಿಗೆ ಯಾವ ಬೈಕ್ ಯಾವ ಕೆಲಸಕ್ಕೆ ಬಂದರೂ ಆ ಪಿನ್ ಒಂದನ್ನು ನೋಡದೆ ಕಳಿಸುವುದಿಲ್ಲ.

ಬ್ರೇಕ್ ಯಾಕೆ ಎಲ್ಲಕ್ಕಿಂತ ಮೊದಲು ಅನ್ನುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ, ಅಪ್ಪನಿಗೂ ಹೇಳಿ. ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಎದುರಿಗೆ ಹಸು ಬಂತು ಅಂದುಕೊಳ್ಳಿ. ಅದನ್ನು ನೋಡಿ ಕಾಲು ಪೆಡಲಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್, 14 ಮೀಟರ್ ಕಳೆಯಿತು. ಎರಡೂ ಬ್ರೇಕ್ ಚೆನ್ನಾಗಿದ್ದರೆ ಅಲ್ಲಿಂದ ನಿಲ್ಲಲು ಸುಮಾರು 20 ಮೀಟರ್ ಬೇಕು. ಬ್ರೇಕಿನ ಬಲ ಅರ್ಧಕ್ಕೆ ಇಳಿದಿದ್ದರೆ ಅದೇ 20 ಮೀಟರ್ 40 ಆಗುತ್ತದೆ. ಅಂದರೆ ಒಳ್ಳೆ ಬೈಕ್ ನಿಂತ ಜಾಗವನ್ನು ಕೆಟ್ಟ ಬೈಕ್ ಇನ್ನೂ ಒಳ್ಳೆ ವೇಗದಲ್ಲೇ ದಾಟಿ ಹೋಗುತ್ತಿರುತ್ತದೆ.

ಹ್ಯಾಂಡಲ್ ಆಟಕ್ಕೆ ಬರೋಣ. ಹ್ಯಾಂಡಲ್ ತಿರುಗುವ ಕುತ್ತಿಗೆಯಲ್ಲಿ ಮೇಲೆ ಕೆಳಗೆ ಬಟ್ಟಲಿನಂಥ ಎರಡು ಜೋಡಿ, ಅವುಗಳ ನಡುವೆ ಸಣ್ಣ ಗುಂಡುಗಳು ಇರುತ್ತವೆ. ಕೋನ್ ಸೆಟ್ ಅನ್ನುತ್ತೇವೆ. ಬೈಕ್ ರಸ್ತೆ ಗುಂಡಿಗೆ ಬಿದ್ದು ಬಿದ್ದು ಆ ಬಟ್ಟಲಲ್ಲಿ ತಗ್ಗು ಬೀಳುತ್ತದೆ. ಪರೀಕ್ಷೆ ಸುಲಭ. ಬೈಕನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ಹಿಂದೆ ಒಬ್ಬರು ಕೂತು ಮುಂದಿನ ಚಕ್ರ ಮೇಲೇಳಲಿ. ಫೋರ್ಕಿನ ಕೆಳತುದಿ ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಮುಂದಕ್ಕೆ ಅಲ್ಲಾಡಿಸಿ. ಕಟಕ್ ಅಂದರೆ ಆಟ ಇದೆ. ಆಮೇಲೆ ಹ್ಯಾಂಡಲನ್ನು ಎರಡು ಬೆರಳಲ್ಲಿ ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸಿ. ನೇರ ಬಂದಾಗ ಎಲ್ಲೋ ಸಿಕ್ಕಿ ಕೂತ ಹಾಗಾದರೆ ಬಟ್ಟಲಿಗೆ ತಗ್ಗು ಬಿದ್ದಿದೆ. ತಗ್ಗು ಬಿದ್ದ ಕೋನ್ ಸೆಟ್ಟನ್ನು ಬದಲಿಸಬೇಕು, ಬೇರೆ ದಾರಿ ಇಲ್ಲ. ಮೇಲಿನ ನಟ್ ಬಿಗಿ ಮಾಡಿದರೆ ತಪಾಸಣೆ ದಿನ ಆಟ ಕಾಣುವುದಿಲ್ಲ, ನಿಜ. ಆದರೆ ಹ್ಯಾಂಡಲ್ ಗಡುಸಾಗಿ ನಿಧಾನ ವೇಗದಲ್ಲಿ ಬೈಕ್ ತೂರಾಡುತ್ತದೆ. ವಯಸ್ಸಾದವರಿಗೆ ಅದು ಇನ್ನೂ ಕಷ್ಟ. ಮುಂದಿನ ಚಕ್ರ ಎತ್ತಿದಾಗಲೇ ಅದನ್ನು ಅಡ್ಡಕ್ಕೆ ಅಲ್ಲಾಡಿಸಿ ಬೇರಿಂಗ್ ನೋಡಿಬಿಡಿ. ಹಿಂದಿನ ಚಕ್ರವನ್ನೂ ಹಾಗೇ ಅಡ್ಡಕ್ಕೆ ಎಳೆದು ನೋಡಿ. ಚಕ್ರದ ಜೊತೆ ಅದನ್ನು ಹಿಡಿದ ಕವಲೂ ಅಲ್ಲಾಡಿದರೆ ಅದರ ಬುಷ್ ಹೋಗಿದೆ. ಗೊಬ್ಬರದ ಚೀಲ ಹೊತ್ತ ಬೈಕುಗಳಲ್ಲಿ ಇದು ಮಾಮೂಲಿ. ನಿಮ್ಮ ಚೀಟಿಯಲ್ಲಿ ಇದು ಇಲ್ಲ, ಆದರೂ ನೋಡಿ.

ಟೈರ್ ವಿಷಯ. ಊರಿನ ಮೆಕ್ಯಾನಿಕ್ ಹೇಳಿದ ಹಾಗೆ ಮಾಡಬೇಡಿ. ಅವರಿಗೆ ನಿಮ್ಮ ಮೇಲೆ ಕಾಳಜಿ ಇದ್ದೇ ಹಾಗೆ ಹೇಳಿರಬಹುದು, ದುಡ್ಡು ಉಳಿಯಲಿ ಅಂತ. ಆದರೆ ಸಂಜೆ ಹಳೇ ಟೈರ್ ವಾಪಸ್ ಹಾಕಿಕೊಂಡು ಅದೇ ಅಪ್ಪ ಅದೇ ರಸ್ತೆಯಲ್ಲಿ ಹೋಗಬೇಕಲ್ವಾ? ನಮ್ಮ ತಾಲ್ಲೂಕಿನ ರಸ್ತೆ ಹೇಗಿರುತ್ತವೆ ಅಂತ ನಿಮಗೇ ಗೊತ್ತು. ಸುಗ್ಗಿ ಬಂತು ಅಂದರೆ ಅರ್ಧ ರಸ್ತೆಗೆ ಮೆಕ್ಕೆಜೋಳ ಹರಡಿರುತ್ತಾರೆ. ಒಣಗಿದ ಕಾಳಿನ ಮೇಲೆ ಬೋಳು ಟೈರ್ ಹೋದರೆ ಗೋಲಿಯ ಮೇಲೆ ಕಾಲಿಟ್ಟ ಹಾಗೆ. ಟೈರಿನ ಪಕ್ಕದ ಗೋಡೆಯಲ್ಲಿ ಒಂದು ಸಣ್ಣ ತ್ರಿಕೋನ ಅಥವಾ ಟಿಡಬ್ಲ್ಯುಐ ಅನ್ನುವ ಅಕ್ಷರ ಇರುತ್ತದೆ. ಅದರ ನೇರಕ್ಕೆ ಟೈರಿನ ಗೆರೆಗಳ ತಗ್ಗಿನಲ್ಲಿ ನೋಡಿ. ಅಲ್ಲೊಂದು ಪುಟ್ಟ ದಿಬ್ಬ ಇರುತ್ತದೆ. ಬೈಕ್ ಟೈರಿನಲ್ಲಿ ಅದರ ಎತ್ತರ 0.8 ಮಿ.ಮೀ. ಟೈರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಅದರ ಕೆಲಸ ಮುಗಿಯಿತು. ಹಿಂದಿನ ಟೈರ್ ನಡುವೆ ಮಾತ್ರ ಸವೆದು ಚಪ್ಪಟೆಯಾಗಿರುತ್ತದೆ, ಪಕ್ಕದಲ್ಲಿ ಗೆರೆ ಚೆನ್ನಾಗಿ ಕಾಣುತ್ತವೆ. ಪಕ್ಕ ನೋಡಿ ಮೋಸ ಹೋಗಬೇಡಿ.

ಮುಂದಿನ ಟೈರ್ ಸವೆದಿಲ್ಲದಿದ್ದರೂ ಅದರ ವಯಸ್ಸು ನೋಡಿ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿಯ ಒಂದು ಗುರುತು ಇರುತ್ತದೆ. 2318 ಅಂತ ಇದ್ದರೆ 2018ರ 23ನೇ ವಾರ ತಯಾರಾದದ್ದು. ಹೊಸ ಟೈರ್ ಕೊಳ್ಳುವಾಗಲೂ ಇದನ್ನು ಓದಿಯೇ ಕೊಳ್ಳಿ. ನಮ್ಮ ಬಿಸಿಲಿಗೆ, ಅದರಲ್ಲೂ ಚಿತ್ರದುರ್ಗ, ಚಳ್ಳಕೆರೆ ಕಡೆಯ ಬಿಸಿಲಿಗೆ ರಬ್ಬರ್ ಬೇಗ ಒಣಗುತ್ತದೆ. ಗೋಡೆಯಲ್ಲಿ ಬಾಯಿಬಿಟ್ಟ ಬಿರುಕು ಕಂಡರೆ ಗೆರೆ ಎಷ್ಟೇ ಉಳಿದಿದ್ದರೂ ಬದಲಿಸಿ. ಕಂಪನಿ ಹೇಳಿದ ಅಳತೆಯ ಟೈರನ್ನೇ ಹಾಕಿಸಿ. ದಪ್ಪ ಟೈರ್ ಚೆನ್ನಾಗಿ ಕಾಣುತ್ತೆ ಅಂತ ಹಾಕಿದರೆ ಚೈನಿಗೋ ಮಡ್‌ಗಾರ್ಡಿಗೋ ಉಜ್ಜುತ್ತದೆ.

ಬ್ರೇಕ್ ಲೈಟ್ ಬೆಣ್ಣೆ ದೋಸೆ ತಿಂದ ದುಡ್ಡಿನಲ್ಲಿ ಮುಗಿಯುವ ಕೆಲಸ. ಬಲ್ಬ್ ನೋಡಿ, ಆಮೇಲೆ ಪೆಡಲಿನ ಹತ್ತಿರದ ಸ್ಪ್ರಿಂಗ್ ಸ್ವಿಚ್ ನೋಡಿ. ಮುಂದಿನ ಲಿವರಿಗೂ ಒಂದು ಸ್ವಿಚ್ ಇದ್ದರೆ ಎರಡರಿಂದಲೂ ಉರಿಯಬೇಕು. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ, ಇಂಡಿಕೇಟರ್ ಹಾಕಿದರೆ ಟೈಲ್ ಲೈಟ್ ಮಿಣುಕುತ್ತದೆ ಅನ್ನುವ ವಿಚಿತ್ರ ಕಂಡರೆ ಹಿಂದಿನ ಅರ್ತ್ ವೈರ್ ತುಕ್ಕು ಹಿಡಿದಿದೆ. ಅದನ್ನು ಉಜ್ಜಿ ಬಿಗಿ ಮಾಡಿದರೆ ಸಾಕು. ಇದನ್ನು ಬ್ರೇಕ್ ಕೆಲಸದ ದಿನವೇ ಮಾಡಿಸಿಬಿಡಿ.

ಹೆಡ್‌ಲೈಟ್ ಸರಿ ಇಲ್ಲ ಅಂದರೆ ಏನು ಅಂತ ನೀವು ಇನ್‌ಸ್ಪೆಕ್ಟರನ್ನು ಕೇಳಿರಬೇಕಿತ್ತು. ಅದಕ್ಕೆ ಮೂರ್ನಾಲ್ಕು ಅರ್ಥ ಇದೆ. ನೀವು ಹೊಳೆಯುವ ಬಿಳಿ ಎಲ್‌ಇಡಿ ಬಲ್ಬ್ ಹಾಕಿಸಿದ್ದೀರಾ? ಹಾಕಿಸಿದ್ದರೆ ಬಹುಶಃ ಅದೇ ಕಾರಣ. ಹಳೇ ಬೈಕಿನ ರಿಫ್ಲೆಕ್ಟರ್ ಒಳಗಿನ ಬಾಗುವಿಕೆ ತಂತಿ ಬಲ್ಬಿಗೆ ಅಂತ ಮಾಡಿದ್ದು. ತಂತಿ ಇದ್ದ ಜಾಗದಲ್ಲಿ ಎಲ್‌ಇಡಿ ಬೆಳಕು ಬರುವುದಿಲ್ಲ. ಹಾಗಾಗಿ ಬೆಳಕು ಚೆದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ರಸ್ತೆ ಮೇಲೆ ಕಮ್ಮಿ ಬೀಳುತ್ತದೆ. ಕಂಪನಿಯ ಬಲ್ಬನ್ನೇ ವಾಪಸ್ ಹಾಕಿ. ಬಲ್ಬ್ ಹಳೆಯದೇ ಆಗಿದ್ದರೆ ರಿಫ್ಲೆಕ್ಟರ್ ನೋಡಿ. ಒಳಗೆ ಕಪ್ಪಾಗಿದ್ದರೆ, ಬೆಳ್ಳಿ ಬಣ್ಣ ಉದುರಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಬದಲಿಸಬೇಕು. ಐಡ್ಲಿಂಗ್‌ನಲ್ಲಿ ಮಂಕಾಗಿ, ರೇಸ್ ಕೊಟ್ಟರೆ ಬೆಳಗುತ್ತದೆ ಅಂದರೆ ಹೆದರಬೇಡಿ. ಆ ಕಾಲದ ಬಹಳಷ್ಟು 100 ಸಿಸಿ ಬೈಕುಗಳಲ್ಲಿ ಹೆಡ್‌ಲೈಟಿಗೆ ಕರೆಂಟ್ ಬರುವುದು ಬ್ಯಾಟರಿಯಿಂದ ಅಲ್ಲ, ನೇರ ಮ್ಯಾಗ್ನೆಟ್ ಕಾಯಿಲಿನಿಂದ. ಹಾಗಾಗಿ ಅಷ್ಟು ಮಂಕಾಗುವುದು ಸಹಜ.

ಬೆಳಕಿನ ದಿಕ್ಕನ್ನು ಮನೆಯಲ್ಲೇ ಸರಿ ಮಾಡಬಹುದು. ಸಮನೆಲದಲ್ಲಿ ಗೋಡೆಯಿಂದ 5 ಮೀಟರ್ ದೂರ ಬೈಕ್ ನಿಲ್ಲಿಸಿ. ಅಪ್ಪ ಸೀಟಿನ ಮೇಲೆ ಕೂರಲಿ. ಹೆಡ್‌ಲೈಟಿನ ನಡು ಎಷ್ಟು ಎತ್ತರ ಇದೆ ಅಂತ ಅಳೆದು ಗೋಡೆಗೆ ಸುಣ್ಣದಲ್ಲಿ ಗೆರೆ ಹಾಕಿ. ಡಿಮ್‌ಗೆ ಹಾಕಿದಾಗ ಬೆಳಕಿನ ಮೇಲಂಚು ಆ ಗೆರೆಗಿಂತ ಸ್ವಲ್ಪ ಕೆಳಗೆ ಇರಬೇಕು. ಹಿಂದೆ ಚೀಲ ಹೇರಿದಾಗ ಮುಂಭಾಗ ಮೇಲೇಳುತ್ತದೆ, ಬೆಳಕೂ ಮೇಲೇಳುತ್ತದೆ. ಅಪ್ಪ ದಿನಾ ಹೇರುವವರಾದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ನಮ್ಮ ರಸ್ತೆಯಲ್ಲಿ ಎಷ್ಟಿವೆ ಅಂತ ನೆನೆಸಿಕೊಂಡರೆ ಈ ಹದಿನೈದು ನಿಮಿಷದ ಕೆಲಸವನ್ನು ಯಾರೂ ನಾಳೆಗೆ ಹಾಕುವುದಿಲ್ಲ.

ಚಾಸಿ ನಂಬರ್ ಅಪಾಯದ ವಿಷಯ ಅಲ್ಲ, ಆದರೆ ಅದು ಇಲ್ಲದೆ ಕೆಲಸ ಮುಂದೆ ಹೋಗುವುದಿಲ್ಲ. ಆರ್‌ಸಿಯಲ್ಲಿ ಇರುವ ಬೈಕೇ ಇದು ಅನ್ನುವುದಕ್ಕೆ ಇರುವ ಗಟ್ಟಿ ಗುರುತು ಅದೊಂದೇ. ಬಹುಪಾಲು ಬೈಕುಗಳಲ್ಲಿ ಅದು ಹ್ಯಾಂಡಲಿನ ಕೆಳಗೆ ಕುತ್ತಿಗೆಯ ಪಕ್ಕದಲ್ಲಿ ಕೊರೆದಿರುತ್ತದೆ. ಅಲ್ಲಿಗೆ ಧೂಳು, ಎಣ್ಣೆ ಸೇರಿ ಕಿಟ್ಟ ಕಟ್ಟುತ್ತದೆ. ಬಟ್ಟೆಗೆ ಸೀಮೆಎಣ್ಣೆ ಇಲ್ಲವೇ ಡೀಸೆಲ್ ಹಾಕಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಒಣಗಿದ ಮೇಲೆ ಸೀಮೆಸುಣ್ಣ ಸವರಿ ಒರೆಸಿದರೆ ಕೊರೆದ ಗೆರೆಯೊಳಗೆ ಬಿಳಿ ಉಳಿದು ಅಂಕಿ ಕಾಣುತ್ತವೆ. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ನೋಡಿ. ಹತ್ತರಲ್ಲಿ ಎಂಟು ಬೈಕು ಇಷ್ಟಕ್ಕೇ ಸರಿಹೋಗುತ್ತವೆ ಅನ್ನುವುದು ನನ್ನ ಅನುಭವ.

ಗ್ರೈಂಡರ್, ಎಮರಿ ಕಾಗದ ಮಾತ್ರ ಹತ್ತಿರ ತರಬೇಡಿ. ತುಕ್ಕಿನ ಜೊತೆ ಅಂಕಿಯೂ ಹೋಗುತ್ತದೆ. ಅಂಕಿ ನಿಜವಾಗಿಯೂ ತಿಂದುಹೋಗಿದ್ದರೆ ಯಾವ ಲೇತ್ ಅಂಗಡಿಯಲ್ಲೂ ನೀವಾಗಿ ಮತ್ತೆ ಹೊಡೆಸಬೇಡಿ. ಕದ್ದ ಗಾಡಿಗೆ ಮಾಡುವುದೂ ಅದನ್ನೇ ಅಲ್ವಾ? ನಿಮ್ಮದು ಸ್ವಂತ ಗಾಡಿಯಾದರೂ ಆಮೇಲೆ ಅದನ್ನು ಸಾಬೀತು ಮಾಡುವುದು ಕಷ್ಟ. ಆರ್‌ಟಿಒಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ, ಅನುಮತಿ ಸಿಕ್ಕ ಮೇಲೆ ಅವರು ಹೇಳಿದ ಕಡೆ ಹೊಡೆಸಿ, ಅದು ದಾಖಲೆಗೆ ಸೇರಲಿ. ಇದಕ್ಕೆ ದಿನ ಹಿಡಿಯುತ್ತದೆ. ಆದ್ದರಿಂದ ರಿಪೇರಿ ಮುಗಿಯಲಿ ಅಂತ ಕಾಯದೆ ಇವತ್ತೇ ತೊಳೆದು ನೋಡಿ. ಎಂಜಿನ್ ನಂಬರನ್ನೂ ಆರ್‌ಸಿ ಜೊತೆ ತಾಳೆ ನೋಡಿ. ಯಾವಾಗಲೋ ಹಳೇ ಎಂಜಿನ್ ಬದಲಿಸಿ ಮರೆತುಬಿಟ್ಟವರು ಬಹಳ ಜನ ಇದ್ದಾರೆ. ಬೈಕಿಗೆ ಬೇರೆ ಬಣ್ಣ ಹೊಡೆಸಿದ್ದರೆ ಅದೂ ಆರ್‌ಸಿಯಲ್ಲಿ ನಮೂದಾಗಿರಬೇಕು.

ಎರಡನೇ ಸಲ ಹೋದಾಗ ಹೊಸ ಕಾರಣಕ್ಕೆ ವಾಪಸ್ ಬರಬಾರದಲ್ಲ, ಅದಕ್ಕೆ ಚೀಟಿಯಲ್ಲಿ ಇಲ್ಲದ ಕೆಲವನ್ನೂ ಹೇಳುತ್ತೇನೆ. ಎಮಿಷನ್ ಸರ್ಟಿಫಿಕೇಟ್ ಚಾಲ್ತಿಯಲ್ಲಿ ಇರಬೇಕು. ನಿಮ್ಮಂಥ ಹಳೇ ಬೈಕಿಗೆ ಅದು ಆರು ತಿಂಗಳು ಮಾತ್ರ. 2000ದ ನಂತರ ಬಂದ ಹಳೇ ಫೋರ್ ಸ್ಟ್ರೋಕ್ ಬೈಕುಗಳಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 3.5, ಹೈಡ್ರೋಕಾರ್ಬನ್ 4500 ಪಿಪಿಎಂ ಮಿತಿ. ನಿಮ್ಮದು ಈ ಮಿತಿಗೇ ಬರುತ್ತದೆ. ಮೀರಿದರೆ ಮೊದಲು ಏರ್ ಫಿಲ್ಟರ್ ನೋಡಿ. ನಮ್ಮ ಧೂಳಿಗೆ ಅದು ಕಟ್ಟಿಕೊಂಡು ಎಂಜಿನ್‌ಗೆ ಗಾಳಿ ಸಾಲದೆ ಪೆಟ್ರೋಲ್ ಜಾಸ್ತಿ ಸುಡುತ್ತದೆ. ಆಮೇಲೆ ಕಾರ್ಬ್ಯುರೇಟರ್ ಸೆಟ್ಟಿಂಗ್, ಟ್ಯಾಪೆಟ್. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಪರೀಕ್ಷೆ ಮಾಡಿಸಿ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಬರುವ ತೆಳು ಬಿಳಿ ಹೊಗೆ ಬರೀ ಆವಿ. ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಹೋಗಿದೆ. ಆಗ ಖರ್ಚು ಜಾಸ್ತಿ. ಬೈಕ್ ಇಟ್ಟುಕೊಳ್ಳಬೇಕಾ ಬೇಡವಾ ಅನ್ನುವುದನ್ನು ಆ ಒಂದು ಅಂಶ ನೋಡಿ ತೀರ್ಮಾನ ಮಾಡಿ. ನೀವು ಬರೆದ ಆರು ತಪ್ಪಿಗೆ ಬೈಕ್ ಮಾರುವ ಅಗತ್ಯ ಖಂಡಿತ ಇಲ್ಲ.

ಸೈಲೆನ್ಸರಿನ ಅಡಿ ಕೈಯಿಟ್ಟು ನೋಡಿ, ತುಕ್ಕಿಗೆ ತೂತು ಬಿದ್ದಿರುವುದು ಮೇಲಿಂದ ಕಾಣುವುದಿಲ್ಲ. ಕನ್ನಡಿ ಎರಡೂ ಇರಲಿ. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿಣುಕಬೇಕು. ತೀರಾ ವೇಗವಾಗಿ ಮಿಣುಕಿದರೆ ಒಂದು ಬಲ್ಬ್ ಹೋಗಿರುತ್ತದೆ. ಹಿಂದೆ ಕೂತವರು ಹಿಡಿಯುವ ಹ್ಯಾಂಡಲ್, ಫುಟ್‌ರೆಸ್ಟ್, ಸೀರೆ ಗಾರ್ಡ್ ಮೂರೂ ಕೇಂದ್ರ ನಿಯಮದಲ್ಲೇ ಇರುವಂಥವು. ಹುಲ್ಲಿನ ಹೊರೆ ಕಟ್ಟಲು ಅಡ್ಡ ಅಂತ ಸೀರೆ ಗಾರ್ಡ್ ಬಿಚ್ಚಿಟ್ಟವರು ಹಳ್ಳಿಗಳಲ್ಲಿ ಜಾಸ್ತಿ. ಅಮ್ಮ ಹಿಂದೆ ಕೂರುತ್ತಾರೆ ಅಂದರೆ ತಪಾಸಣೆ ಇರಲಿ ಬಿಡಲಿ, ಅದನ್ನು ಇವತ್ತೇ ಹಾಕಿ. ನಂಬರ್ ಪ್ಲೇಟ್ ಎಚ್‌ಎಸ್‌ಆರ್‌ಪಿಯೇ ಆಗಿರಬೇಕು, ಮೇಲೆ ಯಾವ ಸ್ಟಿಕ್ಕರೂ ಬೇಡ.

ಕಾಗದದ ಮಾತು ಬೇಗ ಮುಗಿಸುತ್ತೇನೆ. ಅರ್ಜಿ ಫಾರಂ 25, ಪರಿವಾಹನ್ ವೆಬ್‌ಸೈಟಿನಲ್ಲೇ ಹಾಕಬಹುದು. ಅವಧಿ ಮುಗಿಯುವ 60 ದಿನ ಮುಂಚಿನಿಂದ ಹಾಕಲು ಅವಕಾಶ ಇದೆ. 2022ರ ಏಪ್ರಿಲ್‌ನಿಂದ ಬೈಕಿನ ನವೀಕರಣ ಶುಲ್ಕ 1000 ರೂಪಾಯಿ. 20 ವರ್ಷ ದಾಟಿದ ಬೈಕಿಗೆ 2025ರಲ್ಲಿ ಅದನ್ನು 2000 ಮಾಡಿದ್ದಾರೆ. ತಡವಾದರೆ ತಿಂಗಳಿಗೆ 300 ರೂಪಾಯಿ ಸೇರುತ್ತದೆ, ಜೊತೆಗೆ ರಾಜ್ಯದ ಹಸಿರು ತೆರಿಗೆ. ಶುಲ್ಕಗಳು ಬದಲಾಗುತ್ತಿರುತ್ತವೆ, ಕಟ್ಟುವ ಮುಂಚೆ ಅದೇ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಇನ್ಶೂರೆನ್ಸ್ ಚಾಲ್ತಿಯಲ್ಲಿರಲಿ, ಬಾಕಿ ದಂಡ ಇದ್ದರೆ ಕಟ್ಟಿಬಿಡಿ. ಬೈಕನ್ನು ಸಾಲದಲ್ಲಿ ತಗೊಂಡಿದ್ದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದೆಯಾ ನೋಡಿ. ಸಾಲ ತೀರಿ ಹತ್ತು ವರ್ಷ ಆದರೂ ಹೆಸರು ತೆಗೆಸದವರೇ ಜಾಸ್ತಿ. ಅದಕ್ಕೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಬೇಕು. ಅವಧಿ ಮುಗಿದ ಆರ್‌ಸಿ ಇಟ್ಟುಕೊಂಡು ರಸ್ತೆಗೆ ಇಳಿಯಬೇಡಿ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಮೊದಲು ಹಿಡಿಯುವುದೇ ಅದನ್ನು.

ದುಡ್ಡಿನ ವಿಷಯಕ್ಕೆ ಹೀಗೆ ಮಾಡಿ. ಇವತ್ತು ಖರ್ಚಿಲ್ಲದೆ ಚಾಸಿ ನಂಬರ್ ತೊಳೆಯಿರಿ, ಹೆಡ್‌ಲೈಟ್ ದಿಕ್ಕು ನೋಡಿ. ಈ ವಾರ ಹಿಂದಿನ ಲೈನರ್, ಕ್ಯಾಮ್ ಕೆಲಸ, ಬ್ರೇಕ್ ಲೈಟ್. ಮುಂದಿನ ವಾರ ಕೋನ್ ಸೆಟ್, ಟೈರ್. ಹಿಂದಿನ ಚಕ್ರ ಬಿಚ್ಚುವುದು ಲೈನರಿಗೂ ಟೈರಿಗೂ ಒಂದೇ ಸಲ ಆದರೆ ಕೂಲಿ ಉಳಿಯುತ್ತದೆ, ಸ್ವಲ್ಪ ಹೊಂದಿಸಲು ಆದರೆ ಟೈರನ್ನು ಈ ವಾರಕ್ಕೇ ತನ್ನಿ. ಎಲ್ಲಾ ಮುಗಿದ ಮೇಲೆ ಬೈಕನ್ನು ಎರಡು ದಿನ ಓಡಿಸಿ, ನಟ್ಟು ಬೋಲ್ಟು ಇನ್ನೊಮ್ಮೆ ಬಿಗಿ ನೋಡಿಸಿ ಆಮೇಲೆ ತಪಾಸಣೆಗೆ ತಗೊಂಡು ಹೋಗಿ. ಹಳೇ ಚೀಟಿ ಮತ್ತು ಬಿಲ್ಲುಗಳು ಜೊತೆಗಿರಲಿ.

ಕೊನೆಯದಾಗಿ ಒಂದು ವಿಷಯ, ಇದನ್ನು ಮರೆಯಬೇಡಿ. ಹೊಸ ಲೈನರ್ ಹಾಕಿದ ಮೊದಲ ದಿನ ಬ್ರೇಕ್ ಅಷ್ಟೊಂದು ಹಿಡಿಯುವುದಿಲ್ಲ. ಡ್ರಮ್ಮಿಗೆ ಹೊಂದಿಕೊಳ್ಳಲು ಸ್ವಲ್ಪ ಓಡಬೇಕು. ಅದು ಹೊಂದಿಕೊಂಡ ಮೇಲೆ ಮಾತ್ರ ಒಂದೇ ಸಲಕ್ಕೆ ಗಟ್ಟಿಯಾಗಿ ಹಿಡಿಯುತ್ತದೆ. ಅಪ್ಪನ ಕಾಲಿಗೆ ಹಳೇ ಬ್ರೇಕಿನ ಬಲವೇ ರೂಢಿಯಾಗಿದೆ. ಅದೇ ಜೋರಿನಲ್ಲಿ ಒತ್ತಿದರೆ ಹಿಂದಿನ ಚಕ್ರ ನಿಂತು ಜಾರುತ್ತದೆ. ಬೈಕ್ ಅವರ ಕೈಗೆ ಕೊಡುವ ಮುಂಚೆ ನಿಮ್ಮೂರಿನ ಖಾಲಿ ರಸ್ತೆಯಲ್ಲಿ ಅವರ ಹಿಂದೆ ನೀವು ಕೂತುಕೊಳ್ಳಿ. 20ರ ವೇಗದಲ್ಲಿ ಹತ್ತು ಸಲ ಮೆಲ್ಲಗೆ ಬ್ರೇಕ್ ಹಿಡಿಸಿ. ಕಾಲು ಹೊಸ ಲೆಕ್ಕ ಕಲಿತ ಮೇಲೆ ತೋಟದ ದಾರಿಗೆ ಬಿಡಿ.